ನಾಯಿ ಕಟ್ಟಿಹಾಕಿದ ದಾರಿ

ಆ ನಾಯಿ ಕಂದು ಬಣ್ಣದ್ದೋ ಕಪ್ಪೋ, ನನಗೆ ಗೊತ್ತಿಲ್ಲ. ಎರಡೂ ಬಣ್ಣದಲ್ಲಿ ನೆನಪಾಗುತ್ತದೆ. ನಡೆದದ್ದು ತೊಂಬತ್ತೆಂಟರಲ್ಲೋ ತೊಂಬತ್ತೊಂಬತ್ತರಲ್ಲೋ ಎಂಬುದೂ ಖಚಿತವಿಲ್ಲ. ಆಗ ನನ್ನ ಕೈಯಲ್ಲಿ ಒಂದು ಹಸಿರು ಕೊಡೆ ಇತ್ತು ಎಂದು ಇಷ್ಟು ವರ್ಷ ನಂಬಿದ್ದೆ. ಹೆಂಡತಿಯ ಪ್ರಕಾರ ಆ ಕೊಡೆ ಕೊಂಡದ್ದು ನಮ್ಮ ಮದುವೆಯ ನಂತರ, ಅದೂ ಅವಳೇ ಆರಿಸಿದ್ದು. ನಾನು ಹೇಳಹೊರಟಿರುವುದು ಮದುವೆಗೆ ಮುಂಚಿನ ಸಂಗತಿ. ಇಲ್ಲದ ಕೊಡೆಯ ನೆರಳಿನಲ್ಲಿ ನಡೆದವನ ಮಾತನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಿ.

ಇದು ಈಗ ಎದ್ದು ಬರಲು ಕಾರಣ ಪಕ್ಕದ ಮನೆಯವರ ಹೊಸ ಸರಪಳಿ. ಇವತ್ತು ಬೆಳಿಗ್ಗೆ ಅವರ ನಾಯಿ ಅದನ್ನು ಸಿಮೆಂಟಿನ ಮೇಲೆ ಎಳೆದಾಡುತ್ತಿತ್ತು. ಆ ಸದ್ದಿನೊಂದಿಗೆ ಕಟಪಾಡಿಯ ಆಚೆಗಿನ ಒಂದು ಅಂಗಳ, ಬೆಲ್ಲ ನೀರಿನ ಚೊಂಬು, ಒಂದು ಬುಟ್ಟಿ ಗುಳ್ಳ ಬದನೆ ಎಲ್ಲ ಬಂದುವು. ನಾಯಿಯ ಬಣ್ಣ ಮಾತ್ರ ಬರಲಿಲ್ಲ.

ನಾನು ಸಂಖ್ಯಾಶಾಸ್ತ್ರ ಓದಿದವನು. ಮೈಸೂರಿನಲ್ಲಿ ಕೂತು ಕಲಿತದ್ದರಲ್ಲಿ ಉಳಿದಿರುವುದು ಒಂದೇ, ಯಾವುದಕ್ಕೂ ತಟ್ಟನೆ ಹೌದು ಎನ್ನಬಾರದು. ಓದು ಮುಗಿಸಿ ಬಂದು ಮಣಿಪಾಲದಲ್ಲಿ ಪಾಠ ಹೇಳಿಕೊಂಡಿದ್ದೆ. ವಾಸ ಬನ್ನಂಜೆಯ ನಮ್ಮ ಮನೆಯಲ್ಲಿ. ಕೂತಲ್ಲಿ ಕೂರುವ ಸ್ವಭಾವ ಮೊದಲಿನಿಂದಲೂ ಇಲ್ಲ. ಊಟಕ್ಕೆ ಕೂತರೂ ಒಂದು ಕಾಲು ಅಲ್ಲಾಡುತ್ತಿರುತ್ತದೆ ಎಂದು ಅಮ್ಮ ಬೈಯುತ್ತಿದ್ದಳು. ವಾರವಿಡೀ ಮಾತನಾಡಿದ ಮೇಲೆ ಆದಿತ್ಯವಾರ ಸ್ವಲ್ಪ ಹೊತ್ತು ಯಾರೂ ಮಾತನಾಡಿಸದ ಕಡೆ ನಡೆಯಬೇಕು ಎಂಬುದು ನನ್ನ ಸಣ್ಣ ಆಸೆ.

ಆಸೆ ಸಣ್ಣದು, ಜಾಗ ಸಿಗುವುದು ಕಷ್ಟ. ಉಡುಪಿಯ ರಥಬೀದಿಯಲ್ಲಿ ರಜೆ ಬಂತೆಂದರೆ ಪ್ರವಾಸಿ ಬಸ್ಸುಗಳ ಜನ, ಒಬ್ಬರ ಹಿಮ್ಮಡಿ ಇನ್ನೊಬ್ಬರು ತುಳಿಯುತ್ತ. ಮಣಿಪಾಲದ ಗುಡ್ಡದ ಅಂಚಿಗೆ ಹೋದರೆ ನನ್ನದೇ ವಿದ್ಯಾರ್ಥಿಗಳು ಬೈಕಿನ ಮೇಲೆ ಜೋಡಿಯಾಗಿ ಕೂತು ಸೂರ್ಯಾಸ್ತ ನೋಡುತ್ತಿರುತ್ತಾರೆ. ನನ್ನನ್ನು ಕಂಡು ಅವರಿಗೂ ಮುಜುಗರ, ಅವರನ್ನು ಕಂಡು ನನಗೂ. ಕಾಪುವಿನ ದೀಪಸ್ತಂಭದ ಕೆಳಗೆ ಬಂಡೆ ಹತ್ತಲು ಸಾಲು, ಚುರುಮುರಿಗೆ ಸಾಲು. ‘ಒಂದು ಫೋಟೋ ತೆಗೆದು ಕೊಡ್ತೀರಾ’ ಎಂದು ಬಂದವರ ಕುಟುಂಬಗಳನ್ನು ನಾನು ಎಷ್ಟು ಸಲ ಕ್ಯಾಮೆರಾದಲ್ಲಿ ತುಂಬಿಸಿ ಕೊಟ್ಟಿದ್ದೇನೋ. ಅರ್ಧದಷ್ಟಾದರೂ ತಲೆಯಿಲ್ಲದ ಫೋಟೋಗಳಾಗಿರಬೇಕು.

ಹಾಗೆ ಒಂದು ಆದಿತ್ಯವಾರ ಕಾಪುವಿಗೆ ಹೋಗುವ ಬಸ್ಸಿನಿಂದ ಕಟಪಾಡಿಯಲ್ಲೇ ಇಳಿದುಬಿಟ್ಟೆ. ಉದ್ಯಾವರ ದಾಟುವಾಗಲೇ ಬಸ್ಸಿನಲ್ಲಿ ಒಂದು ದೊಡ್ಡ ಕುಟುಂಬ ಬೀಚಿನ ಹಾಡು ಶುರುಮಾಡಿತ್ತು. ಇಳಿದವನು ಹೆದ್ದಾರಿ ಬಿಟ್ಟು ಪಡುವಣಕ್ಕೆ ನಡೆದೆ. ತೆಂಗಿನ ತೋಟ, ಆಮೇಲೆ ಗದ್ದೆ, ಗದ್ದೆಯ ಬದುವಿನ, ನಮ್ಮ ಮಾತಿನಲ್ಲಿ ಹುಣಿಯ, ಮೇಲೆ ಕಾಲುದಾರಿ, ಒಂದು ಉಪ್ಪುನೀರಿನ ತೋಡು, ಅದರ ಮೇಲೆ ತೆಂಗಿನ ಕಾಂಡದ ಸಂಕ. ಸಂಕ ದಾಟಿದರೆ ಸಮುದ್ರದ ಸದ್ದು ಕೇಳುತ್ತದೆ, ಸಮುದ್ರ ಕಾಣುವುದಿಲ್ಲ. ನನಗೆ ಬೇಕಾದದ್ದು ಅಷ್ಟೇ.

ತೊಂದರೆ ಒಂದಿತ್ತು. ನಮ್ಮ ಕಡೆ ಕಾಲುದಾರಿ ಎಂದರೆ ಯಾರದೋ ಅಂಗಳದ ಮೂಲಕ ಹೋಗುವ ದಾರಿ. ಅಂಗಳದಲ್ಲಿ ಜನ ಇರುತ್ತಾರೆ, ಇದ್ದವರು ‘ಎಲ್ಲಿಗೆ?’ ಎಂದು ಕೇಳುತ್ತಾರೆ. ಅದು ಕುತೂಹಲವಲ್ಲ, ನಮಸ್ಕಾರದ ಹಾಗೆ. ಆದರೂ ಉತ್ತರ ಕೊಡಲೇಬೇಕು. ಪೇಟೆಗೆ, ಮದುವೆಗೆ, ಡಾಕ್ಟರ ಹತ್ತಿರ, ಏನಾದರೂ ಆದೀತು. ‘ಸುಮ್ಮನೆ’ ಎಂಬುದು ಮಾತ್ರ ಆಗದು. ಸುಮ್ಮನೆ ಯಾರು ನಡೆಯುತ್ತಾರೆ? ಬಿಸಿಲಿನಲ್ಲಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು?

ಮೊದಲ ದಿನ ಆ ದಾರಿಯ ಕೊನೆಯ ಮನೆಯಲ್ಲಿ ನಾಯಿ ನನ್ನ ಮೇಲೆ ಹಾರಿ ಬಂತು. ಐವತ್ತು ದಾಟಿದ ಹೆಂಗಸೊಬ್ಬರು ಓಡಿ ಬಂದು ಗದರಿಸಿದರು. ಅವರ ಹೆಸರು ವಾರಿಜಕ್ಕ. ಎಲ್ಲಿಗೆ ಎಂದು ಕೇಳಿದರು, ಸುಮ್ಮನೆ ಎಂದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟರು. ಮನೆ ಎಲ್ಲಿ, ಏನು ಕೆಲಸ ಎಂದೆಲ್ಲ ವಿಚಾರಿಸಿದರು. ಆಮೇಲೆ, ಏನೂ ವಿಶೇಷವಿಲ್ಲವೆಂಬ ಹಾಗೆ, ಕಾರ್ಕಳದಲ್ಲಿ ನೆಂಟರು ಇದ್ದಾರಾ ಎಂದು ಕೇಳಿದರು. ಇದ್ದಾರೆ ಎಂದೆ. ಸುಳ್ಳಲ್ಲ, ನನ್ನ ದೊಡ್ಡಮ್ಮನ ಮಗಳನ್ನು ಕೊಟ್ಟದ್ದು ಆ ಕಡೆಗೇ. ವಾರಿಜಕ್ಕ ‘ಹಾಂ’ ಎಂದರು, ಇನ್ನೊಂದು ತುಂಡು ಬೆಲ್ಲ ತಂದರು.

ಇಲ್ಲಿ ದೊಡ್ಡಮ್ಮನ ವಿಷಯ ಹೇಳಬೇಕು. ನಮ್ಮ ಬಳಗದಲ್ಲಿ ಯಾರಿಗೆ ಸಂಬಂಧ ನೋಡಿದರೂ ಗುಟ್ಟಿನಲ್ಲಿ ವಿಚಾರಿಸಿಕೊಂಡು ಬರುವ ಕೆಲಸ ಅವಳದು. ನಾನು ಚಿಕ್ಕವನಿದ್ದಾಗ ಅನುಮಾನ ಬರದಿರಲೆಂದು ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದಳು. ಮಗು ಜೊತೆಗಿದ್ದರೆ ಬಾಯಾರಿಕೆ ಎನ್ನಬಹುದು, ಬಾಯಾರಿಕೆ ಎಂದರೆ ಅಂಗಳಕ್ಕೆ ಕಾಲಿಡಬಹುದು. ನನಗೆ ಬಾಯಾರದಿದ್ದರೂ ಕುಡಿಯಬೇಕಿತ್ತು. ನಾನು ಗಟಗಟ ಕುಡಿಯುವಾಗ ಅವಳು ಚೊಂಬಿನ ಹೊಳಪು, ಬಾವಿಕಟ್ಟೆಯ ಪಾಚಿ, ಸೊಸೆ ಮಾತನಾಡುವಾಗ ಅತ್ತೆಯ ಮುಖ ಎಲ್ಲ ನೋಡಿ ಮುಗಿಸುತ್ತಿದ್ದಳು. ‘ಎಂತ ಅಕ್ಕ, ಸಂಬಂಧದ ವಿಷಯವಾ?’ ಎಂದು ಯಾರಾದರೂ ನೇರವಾಗಿ ಕೇಳಿದರೆ, ‘ಛೆ ಛೆ, ಮಲ್ಲಿಗೆ ಕೊಳ್ಳಲಿಕ್ಕೆ ಬಂದದ್ದು’ ಎನ್ನುತ್ತಿದ್ದಳು. ಅಲ್ಲ ಎನ್ನುವುದೇ ಆ ಕೆಲಸದ ಕ್ರಮ.

ಇಷ್ಟು ನೀರು ಕುಡಿದು ಬೆಳೆದವನಿಗೆ ವಾರಿಜಕ್ಕನ ಬೆಲ್ಲ ನೀರಿನ ಅರ್ಥ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಮೈಸೂರು ನನ್ನನ್ನು ಅಷ್ಟು ಕೆಡಿಸಿತ್ತು.

ಮುಂದಿನ ಆದಿತ್ಯವಾರ ಹೋದಾಗ ನಾಯಿಯನ್ನು ಕಟ್ಟಿಹಾಕಿದ್ದರು. ಮೂಲೆಯಲ್ಲಿ ಸರಪಳಿಯ ಸದ್ದು ಮಾತ್ರ. ಅದರ ಮುಂದಿನ ವಾರ ಹುಣಿಯ ಮೇಲಿನ ಹುಲ್ಲು ಸವರಿದ್ದರು. ಆಮೇಲೆ ಸಂಕಕ್ಕೆ ಎರಡನೆಯ ಕಾಂಡ ಬಂತು, ಹಿಡಿದುಕೊಳ್ಳಲು ಹಗ್ಗ ಬಂತು. ದಾರಿಯಲ್ಲಿ ಕ್ರಿಕೆಟ್ ಆಡುತ್ತಿದ್ದ ಮಕ್ಕಳು ಮಾಯವಾದರು. ಮನೆಗಳ ರೇಡಿಯೋ ನಾನು ಬರುವ ಹೊತ್ತಿಗೆ ಸಣ್ಣದಾಗುತ್ತಿತ್ತು. ಪಂಚಾಯತಿನವರು ಕೊನೆಗೂ ಎಚ್ಚೆತ್ತರು ಎಂದುಕೊಂಡೆ. ಈ ಜಿಲ್ಲೆಯಲ್ಲಿ ಇನ್ನೂ ಇಂಥ ಮೌನದ ಜಾಗ ಉಳಿದಿದೆ ಎಂದು ಮಣಿಪಾಲದಲ್ಲಿ ಸಹೋದ್ಯೋಗಿಯೊಬ್ಬರ ಹತ್ತಿರ ಹೇಳಿಯೂ ಹೇಳಿದೆ. ಎಲ್ಲಿ ಎಂದು ಕೇಳಿದಾಗ ಹೇಳಲಿಲ್ಲ. ಹೇಳಿದರೆ ಜನ ಸೇರುತ್ತಾರಲ್ಲ.

ಹೊರಡುವಾಗ ವಾರಿಜಕ್ಕ ಗುಳ್ಳ ಕೊಡುತ್ತಿದ್ದರು. ಮುಳ್ಳಿನ ತೊಟ್ಟಿನ, ಹಸಿರು ಗುಂಡು ಬದನೆ, ಅವರ ಗದ್ದೆಯದೇ. ಮನೆಗೆ ತಂದರೆ, ನಮ್ಮೊಂದಿಗೇ ಇದ್ದ ದೊಡ್ಡಮ್ಮ ಹುಳಿ ಮಾಡುತ್ತಿದ್ದಳು. ಯಾರು ಕೊಟ್ಟದ್ದು ಎಂದು ಕೇಳಿ, ನನ್ನ ಉತ್ತರ ಕೇಳಿ, ‘ಹೂಂ’ ಎಂದಷ್ಟೇ ಹೇಳಿ ಒಲೆಯ ಕಡೆ ತಿರುಗಿಕೊಳ್ಳುತ್ತಿದ್ದಳು. ಆ ಹೂಂ ಎಷ್ಟು ಉದ್ದವಿತ್ತು ಎಂದು ಆಗ ಗಮನಿಸಲಿಲ್ಲ.

ಒಂದು ದಿನ ವಾರಿಜಕ್ಕ, ನಮ್ಮ ಕಡೆಯೆಲ್ಲ ಹೇಗೆ ಕಾಣುತ್ತದೆ, ಮನಸ್ಸಿಗೆ ಬಂತಾ ಎಂದು ಕೇಳಿದರು. ಲಾಯ್ಕುಂಟು, ಆದರೆ ನಾಲ್ಕು ಸಲ ನೋಡಿ ಏನೂ ಹೇಳಲಿಕ್ಕಾಗುವುದಿಲ್ಲ, ಮಳೆಗಾಲದಲ್ಲೂ ಒಮ್ಮೆ ನೋಡಬೇಕು ಎಂದೆ. ನಾನು ಹೇಳಿದ್ದು ಹುಣಿಯ ಕೆಸರಿನ ಬಗ್ಗೆ. ‘ಮಳೆಗಾಲದವರೆಗಾ?’ ಎಂದರು ಅವರು. ಮುಖ ಇಳಿಯಿತು. ಇಳಿಯಿತು ಎಂದು ಈಗ ಅನಿಸುತ್ತದೆ, ಆಗ ನೋಡಿದ್ದೆನೋ ಇಲ್ಲವೋ.

ಗುಟ್ಟು ಬಿಟ್ಟುಕೊಟ್ಟವರು ಬಾಗಲಕೋಟೆ ಕಡೆಯ ಒಬ್ಬ ಮೇಸ್ತ್ರಿ. ಆ ದಾರಿಯ ನಡುವೆ ಯಾರೋ ಗಲ್ಫಿನವರ ಹೊಸ ಮನೆ ಏಳುತ್ತಿತ್ತು. ಆದಿತ್ಯವಾರವೂ ಕೆಲಸವಿತ್ತು, ಆದರೆ ನಾನು ದಾಟುವಾಗ ಅಲ್ಲಿಯವರೆಲ್ಲ ಸುಮ್ಮನೆ ಕೂತಿರುತ್ತಿದ್ದರು. ವಿಶ್ರಾಂತಿ ಎಂದುಕೊಂಡಿದ್ದೆ. ಆ ದಿನ ನಾನು ಅವರ ಎದುರಿನ ಕಲ್ಲಿನ ಮೇಲೆ ಕೂತು ಚಪ್ಪಲಿಯ ಮುಳ್ಳು ಕೀಳುತ್ತಿದ್ದೆ. ಮೇಸ್ತ್ರಿ ಸ್ವಲ್ಪ ಹೊತ್ತು ನೋಡಿ ಹತ್ತಿರ ಬಂದರು.

“ಸಾಹೇಬ್ರ, ಒಂದೀಟು ಲಗೂ ದಾಟ್ರಲ್ಲ. ನೀವು ಆ ಕಡೆ ಹೋಗೂತನಾ ಮಷಿನ್ ಹಚ್ಚಬ್ಯಾಡ್ರಿ ಅಂದಾರ ಅಕ್ಕಾರು.”

ಯಾಕೆ ಎಂದು ಕೇಳಿದೆ.

“ನೀವು ವರನ ಕಡೆಯಾವ್ರಲ್ಲೇನ್ರಿ?”

ಅಂದರೆ ನಾನು ಕಂಡುಕೊಂಡ ಮೌನ ಅಲ್ಲಿ ಇದ್ದದ್ದಲ್ಲ. ಒಂದು ಕೇರಿಯಷ್ಟು ಜನ ಉಸಿರು ಬಿಗಿಹಿಡಿದು ನನಗಾಗಿ ಮಾಡಿಟ್ಟದ್ದು. ನಾನು ಪ್ರತಿವಾರ ಬಂದು ಅದನ್ನು ತಿಂದು, ಬದನೆಕಾಯಿ ಕಟ್ಟಿಸಿಕೊಂಡು ಹೋಗುತ್ತಿದ್ದೆ.

ಆ ದಿನ ನಾನು ಮನೆಯವರೆಗೆ ಹೋಗದೆ ಸಂಕದ ಹತ್ತಿರವೇ ನಿಂತೆ. ಅಷ್ಟರಲ್ಲಿ ವಾರಿಜಕ್ಕನ ಮಗಳು ಪ್ರತಿಭಾ ಟೀಚರ್ ಬಂದರು. ಹತ್ತಿರದ ಶಾಲೆಯೊಂದರಲ್ಲಿ ಪಾಠ ಹೇಳುವವರು, ಹೆಚ್ಚುಕಡಿಮೆ ನನ್ನ ವಯಸ್ಸಿನವರು. ಅಷ್ಟು ವಾರ ನಾನು ಅವರನ್ನು ಬಾಗಿಲ ಸಂದಿನಲ್ಲಿ ಕಂಡದ್ದೇ ಹೆಚ್ಚು. ಆ ಮನೆಯಲ್ಲಿ ಮಾತೆಲ್ಲ ತುಳುವಿನಲ್ಲೇ ನಡೆಯುತ್ತಿತ್ತು. ಅವರು ಮಾತ್ರ ಕನ್ನಡದಲ್ಲಿ ಶುರುಮಾಡಿದರು. ನಮ್ಮ ಕಡೆ ಮಾತು ಬಿಗಿಯಾಗಬೇಕಾದರೆ ಕನ್ನಡಕ್ಕೆ ಹೋಗುತ್ತೇವೆ.

“ನಿಮಗೆ ಎಂತ ಹೇಳಲಿಕ್ಕುಂಟೋ ಅದನ್ನು ಇವತ್ತೇ ಹೇಳಿಬಿಡಿ. ಬೇಡವಾದರೆ ಬೇಡ ಅಂತ ಹೇಳಿ. ಅಮ್ಮನಿಗೆ ಊಟ ಸೇರುವುದಿಲ್ಲ.”

ನಾನು ವಿಷಯ ಬಿಡಿಸಿ ಹೇಳಿದೆ. ನಾನು ಯಾರ ಕಡೆಯವನೂ ಅಲ್ಲ, ಕಾಪುವಿನಲ್ಲಿ ಜನ ಜಾಸ್ತಿ, ಅದಕ್ಕೆ ಇಲ್ಲಿ ನಡೆಯುತ್ತೇನೆ. ಅವರು ನಂಬಿದರು. ನಂಬಿ, ಸಂಕದ ಹಗ್ಗ ಹಿಡಿದುಕೊಂಡು ತುಂಬ ಹೊತ್ತು ನಕ್ಕರು. ಆಮೇಲೆ ಇದನ್ನು ಅಮ್ಮನಿಗೂ ನೀವೇ ಹೇಳಿ ಎಂದು ಕರೆದುಕೊಂಡು ಹೋದರು. ವಾರಿಜಕ್ಕ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, “ಆಯ್ತು ಮಾರಾಯ್ರೆ, ಹಾಗೆ ಹೇಳುವುದೇ ಕ್ರಮ ಅಲ್ವಾ” ಎಂದು ಕಾಫಿಗೆ ಒಳಗೆ ಹೋದರು. ನಾನು ಅಲ್ಲ ಎಂದಷ್ಟೂ ಹೌದಾಗುತ್ತಿದ್ದೆ. ದೊಡ್ಡಮ್ಮನ ವಿದ್ಯೆ ನನಗೇ ತಿರುಗಿ ಬಂದಿತ್ತು.

ಕಾಫಿ ಬರುವಷ್ಟರಲ್ಲಿ ಪ್ರತಿಭಾ ಟೀಚರ್ ಉಳಿದದ್ದನ್ನು ಹೇಳಿದರು. ಕಾರ್ಕಳದ ಸಂಬಂಧ. ಜಾತಕ ಕೂಡಿತ್ತು, ಅವರು ಬಂದು ನೋಡಿ ಹೋಗಿಯೂ ಆಗಿತ್ತು, ವಿಚಾರಿಸಿ ತಿಳಿಸುತ್ತೇವೆ ಎಂದಿದ್ದರು. ಅಂದಿನಿಂದ ಆ ದಾರಿಯಲ್ಲಿ ಹೊಸಬರು ಕಂಡರೆ ಕೇರಿಯೇ ಸೆಟೆದು ನಿಲ್ಲುತ್ತಿತ್ತು. ಆದರೆ ಟೀಚರ್ ಅವರ ಚಿಂತೆ ಬೇರೆ. ವರನನ್ನು ಅವರು ನೋಡಿದ್ದು ಒಂದು ಲೋಟ ಕಾಫಿಯಷ್ಟು ಹೊತ್ತು, ಇಬ್ಬರೂ ನೆಲ ನೋಡುತ್ತ. ಸ್ವರ ಕೂಡ ಕೇಳಲಿಲ್ಲವಂತೆ. ಕಾರ್ಕಳದವರು ಹೌದೆಂದರೆ ತಾನು ಏನು ಹೇಳುವುದು?

“ಅವರಿಗೆ ವಿಚಾರಿಸಲಿಕ್ಕೆ ಜನ ಇದ್ದಾರೆ. ನನಗೆ ಯಾರಿದ್ದಾರೆ? ಅಪ್ಪ ಇಲ್ಲ, ಅಣ್ಣ ಮಸ್ಕತ್ತಿನಲ್ಲಿ. ನೀವು ಹೇಗೂ ಸುಮ್ಮನೆ ನಡೆಯುವವರು. ಒಂದು ಆದಿತ್ಯವಾರ ಕಾರ್ಕಳದಲ್ಲಿ ನಡೆಯಿರಿ.”

ಬೇಡ ಎನ್ನಲು ಕಾರಣ ಹುಡುಕಿದೆ. ಅಷ್ಟು ಗುಳ್ಳ ತಿಂದ ಮೇಲೆ ಯಾವ ಕಾರಣವೂ ಸಿಗಲಿಲ್ಲ.

ಕಾರ್ಕಳದಲ್ಲಿ ನನ್ನೊಂದಿಗೆ ಬಸ್ಸಿಳಿದವರೆಲ್ಲ ಗೊಮ್ಮಟ ಬೆಟ್ಟದ ಕಡೆ ಹೋದರು. ನಾನು ಆನೆಕೆರೆಯ ಕಡೆ ತಿರುಗಿದೆ. ಕೆರೆಯ ನಡುವಿನ ಬಸದಿಯನ್ನು ದೂರದಿಂದ ನೋಡಿಕೊಂಡು ಹೋಗುವ ಒಂದು ಗಲ್ಲಿ. ರಾಮಫಲದ ಮರ ಇರುವ ಮನೆ ಎಂಬುದು ಟೀಚರ್ ಕೊಟ್ಟ ಗುರುತು. ಗಲ್ಲಿ ಸಿಕ್ಕಿತು, ಮರವೂ ಸಿಕ್ಕಿತು. ಆದರೆ ಮರ ಇದ್ದದ್ದು ಎರಡು ಮನೆಗಳ ನಡುವಿನ ಗೋಡೆಗೆ ತಾಗಿ, ಅರ್ಧ ಆಚೆ ಅರ್ಧ ಈಚೆ. ಯಾವ ಮನೆ ಎಂದು ನಿಂತು ಯೋಚಿಸುವಾಗ ಒಂದು ಗೇಟಿನಿಂದ ನಾಯಿ ನುಗ್ಗಿ ಬಂತು. ನಾನು ಕಂದು ಕಪ್ಪು ಬೆರೆಸುತ್ತಿರುವುದು ಈ ನಾಯಿಯನ್ನೂ ವಾರಿಜಕ್ಕನ ನಾಯಿಯನ್ನೂ ಇರಬೇಕು.

ಅದರ ಹಿಂದೆಯೇ ಲುಂಗಿ ಉಟ್ಟ ಒಬ್ಬರು ಬಂದರು. ನಾಯಿಯನ್ನು ಹೊಡೆಯಲಿಲ್ಲ, ಕೂಗಲೂ ಇಲ್ಲ. ಕುತ್ತಿಗೆಗೆ ಕೈಹಾಕಿ ಪಕ್ಕದಲ್ಲಿ ಕೂರಿಸಿದರು.

“ಎಲ್ಲಿಗೆ?”

ದೊಡ್ಡಮ್ಮನ ಹಾಗೆ ನೀರು ಕೇಳಬೇಕು, ಚೊಂಬು ನೋಡಬೇಕು ಎಂದೆಲ್ಲ ಬಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡಿದ್ದೆ. ಬಾಯಿಗೆ ಬಂದದ್ದು ಮಾತ್ರ ಹಳೆಯ ಮಾತು.

“ಸುಮ್ಮನೆ.”

“ಸುಮ್ಮನೆಯಾದರೆ ಹಿಂದಿನ ದಾರಿಯಲ್ಲಿ ಹೋಗಿ. ಅಲ್ಲಿ ನೆರಳು ಉಂಟು.”

ಅಷ್ಟೇ. ಮನೆ ಎಲ್ಲಿ, ಯಾರ ಮಗ, ಒಂದೂ ಇಲ್ಲ. ನಾನು ತಲೆಯಾಡಿಸಿ ಬಂದ ದಾರಿಯಲ್ಲೇ ವಾಪಸು ನಡೆದೆ. ಬಸ್ಸು ಹಿರಿಯಡ್ಕ ದಾಟುವಾಗ ಹೆಸರು ಕೂಡ ಕೇಳಲಿಲ್ಲವಲ್ಲ ಎಂದು ಹೊಳೆಯಿತು.

ಮುಂದಿನ ವಾರ ಸಂಕದ ಹತ್ತಿರ ಇದನ್ನು ಹೀಗೇ ಒಪ್ಪಿಸಿದೆ. ಮರ ಗೋಡೆಯ ನಡುವೆ ಇತ್ತು, ಲುಂಗಿ ಉಟ್ಟವರೇ ವರ ಎಂದು ಹೇಳಲಿಕ್ಕಾಗುವುದಿಲ್ಲ, ಒಂದೇ ಸಲ ನೋಡಿ ಮನುಷ್ಯರ ಬಗ್ಗೆ ತೀರ್ಮಾನಕ್ಕೆ ಬರಬಾರದು ಎಂದೂ ಸೇರಿಸಿದೆ. ಪ್ರತಿಭಾ ಟೀಚರ್ ನನ್ನ ಎಚ್ಚರಿಕೆಯ ಮಾತನ್ನೆಲ್ಲ ತಮ್ಮ ವಿದ್ಯಾರ್ಥಿಗಳ ನೆಪಗಳನ್ನು ಕೇಳುವ ಹಾಗೆ ಕೇಳಿದರು.

“ನೆರಳಿತ್ತಾ?”

“ನೋಡಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.”

“ಸುಮ್ಮನೆ ಅಂದದ್ದಕ್ಕೆ ಒಪ್ಪಿದರಲ್ಲ” ಎಂದರು. “ನಮ್ಮ ಕೇರಿಯಲ್ಲಿ ಒಬ್ಬರೂ ಒಪ್ಪಲಿಲ್ಲ.”

ಅವರು ಹೂಂ ಎಂದದ್ದು ಅದರಿಂದಲೋ ಬೇರೆ ಯಾವುದರಿಂದಲೋ ನಾನು ಹೇಳಲಾರೆ. ಸಂಬಂಧ ಕೂಡಿತು. ಕಾರ್ಕಳದವರ ಕಡೆಯಿಂದ ವಿಚಾರಿಸುವವರು ನಾನು ಕಾಲಿಡುವುದಕ್ಕೆ ಎಷ್ಟೋ ಮುಂಚೆಯೇ ಬಂದು ಹೋಗಿದ್ದರು ಎಂದು ಆಮೇಲೆ ತಿಳಿಯಿತು. ಮಲ್ಲಿಗೆ ಕೊಳ್ಳುವ ನೆಪದಲ್ಲಿ ಬಂದಿದ್ದ ಒಬ್ಬ ಹೆಂಗಸು. ಅವರು ಬಂದಾಗ ನಾಯಿ ಬಿಟ್ಟೇ ಇತ್ತು, ಮಕ್ಕಳು ಕ್ರಿಕೆಟ್ ಆಡುತ್ತಿದ್ದರು, ವಾರಿಜಕ್ಕ ಯಾರನ್ನೋ ಬೈಯುತ್ತಿದ್ದರು. ಅದನ್ನೆಲ್ಲ ಕಂಡೂ ಅವರು ಒಪ್ಪಿದ್ದರು.

ಮದುವೆ ನಿಶ್ಚಯವಾದ ಮೇಲೆ ಆ ದಾರಿಗೆ ಅದರ ಗದ್ದಲ ಮರಳಿ ಬಂತು. ನಾಯಿ ಬಿಟ್ಟರು, ಮಷಿನು ಕಿರುಚಿತು, ಚೆಂಡು ನನ್ನ ಬೆನ್ನಿಗೆ ಬಿತ್ತು. ನಾನು ಬೇರೆ ದಾರಿ ಹುಡುಕಿದೆ. ಆದರೆ ಆ ರಾಮಫಲದ ಮರ ಬಿಡಲಿಲ್ಲ. ನೆರಳು ತೋರಿಸಿದ ಮನುಷ್ಯ ವರನಾಗಿರದಿದ್ದರೆ? ಒಳಗೆ ಯಾರಾದರೂ ಸಿಡುಕ ಕೂತಿದ್ದರೆ? ಪಾಠ ಹೇಳುವಾಗ, ಹಲ್ಲುಜ್ಜುವಾಗ, ಯಾವಾಗೆಂದರೆ ಆವಾಗ ಆ ಯೋಚನೆ ಬರುತ್ತಿತ್ತು.

ಕೆಲವು ವರ್ಷ ಬಿಟ್ಟು ಒಂದು ರಜೆಯ ಸಂಜೆ ಹೆಂಡತಿಯ ಒತ್ತಾಯಕ್ಕೆ ಕಾಪುವಿಗೆ ಹೋಗಿದ್ದೆ. ಎಂದಿಗಿಂತ ಹೆಚ್ಚು ಜನ. ‘ಒಂದು ಫೋಟೋ’ ಎಂದು ಡಿಜಿಟಲ್ ಕ್ಯಾಮೆರಾ ಚಾಚಿದವರು ಪ್ರತಿಭಾ ಟೀಚರ್. ಪಕ್ಕದಲ್ಲಿ ಗಂಡ, ಅವರ ಬೆರಳು ಹಿಡಿದ ಪುಟ್ಟ ಮಗಳು. ಗಂಡ ಎತ್ತರದ ತೆಳ್ಳಗಿನ ಮನುಷ್ಯ. ಲುಂಗಿಯವರು ಕುಳ್ಳಗೆ ದಪ್ಪಗೆ ಇದ್ದರು ಎಂದು ನೆನಪು, ಆದರೆ ನನ್ನ ನೆನಪು ಹಸಿರು ಕೊಡೆಯ ನೆನಪು. ಹಾಗಾಗಿ ನಾಯಿ ಹೇಗುಂಟು ಎಂದು ಕೇಳಿದೆ.

“ಯಾವ ನಾಯಿ?” ಎಂದರು ಟೀಚರ್. “ನಾಯಿ ಪಕ್ಕದ ಮನೆಯದ್ದು. ಇವರಿಗೆ ನಾಯಿ ಕಂಡರೆ ಆಗುವುದಿಲ್ಲ. ಮದುವೆಯಾಗಿ ಹೋದ ದಿನವೇ ನನಗೆ ಗೊತ್ತಾಯಿತು.”

ನನ್ನ ಮುಖ ಹೇಗಾಯಿತೋ, ಅವರು ನಗುತ್ತ ಗಂಡನ ತೋಳು ತಟ್ಟಿದರು. “ಎಂತದೂ ಹೆದರಬೇಡಿ. ಇವರಿಗೆ ಮಾತು ಕಡಿಮೆ, ಅಷ್ಟೇ. ಮತ್ತೆ ಪಕ್ಕದ ಮನೆಯವರು ನಿಮಗೆ ನೆರಳಿನ ದಾರಿ ಹೇಳಿದರಲ್ಲ, ಅದು ದಾರಿಯೇ ಆಗಿರಲಿಲ್ಲ. ನಾಯಿಗೆ ಹೆದರಿ ಇವರೇ ದಿನಾ ಹಿಂದಿನಿಂದ ನಡೆದು ನಡೆದು ಆದದ್ದು. ಈಗ ಇಡೀ ಗಲ್ಲಿ ಅದರಲ್ಲೇ ಹೋಗುತ್ತದೆ.”

ಆಗ ಗಂಡ ಬಾಯಿ ಬಿಟ್ಟರು. “ಅಲ್ಲಿ ಬಿಸಿಲೂ ಇಲ್ಲ” ಎಂದರು.

ಅವರ ಮಾತನ್ನು ನಂಬದಿರಲು ಕಾರಣವಿರಲಿಲ್ಲ. ಆದರೂ ನನ್ನ ಸ್ವಭಾವ. ಮುಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿರುವ ಹೊತ್ತು ನೋಡಿಕೊಂಡು, ಯಾರಿಗೂ ಹೇಳದೆ ಕಾರ್ಕಳಕ್ಕೆ ಹೋದೆ. ಆನೆಕೆರೆ ಬಳಸಿ, ರಾಮಫಲದ ಮರ ದಾಟಿ, ಮನೆಗಳ ಹಿಂಬದಿಗೆ ತಿರುಗಿದೆ. ಒಬ್ಬರು ನಡೆಯುವಷ್ಟು ಅಗಲದ, ಹುಲ್ಲು ಸವೆದ ದಾರಿ, ಎರಡೂ ಕಡೆ ಮಾವು ಹಲಸು. ಈ ತುದಿಯಿಂದ ಆ ತುದಿಯವರೆಗೆ ನಡೆದು ನೋಡಿದೆ.

ನೆರಳು ಉಂಟು.